ಖಾಲಿ ರಸ್ತೆಯಲ್ಲಿ ಸೈಕಲ್ ಇಳಿದವರು

ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಈಗ ಭಾನುವಾರ ಬೆಳಗ್ಗೆ ಕಲಘಟಗಿ ತಾಲೂಕಿನ ಒಳರಸ್ತೆಗಳಿಗೆ ಹೋದರೆ ಹುಬ್ಬಳ್ಳಿ-ಧಾರವಾಡದಿಂದ ಬಂದ ಗೇರ್ ಸೈಕಲ್ ಗುಂಪುಗಳು ಕಾಣಿಸ್ತಾವೆ. ತಲೆಗೆ ಹೆಲ್ಮೆಟ್, ಬಿಗಿ ಚಡ್ಡಿ, ಕಣ್ಣಿಗೆ ಕರಿ ಕನ್ನಡಕ. ದೇವಿಕೊಪ್ಪ, ತಂಬೂರ ಕಡೆ ಕಾಡು, ಗುಡ್ಡ, ಏರು, ಇಳಿಜಾರು. ಫೋಟೋ ಹಾಕಿ, ಒಂದೂ ಗಾಡಿ ಇಲ್ಲದ ಸ್ವರ್ಗ ಅಂತ ಬರೀತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ರಜೆ ಇದ್ದಾಗ ನಾನೂ ಅದೇ ಕಡೆ ಸೈಕಲ್ ತುಳೀತೀನಿ, ವಾರವೆಲ್ಲ ಫೈಲಿನ ಮುಂದೆ ಕೂತು ಬೆನ್ನು ಹಿಡಿದಿರ್ತದ. ಆದರೆ ಆ ರಸ್ತೆ ಯಾಕೆ ಖಾಲಿ ಆಯ್ತು, ಅದಕ್ಕೆ ಕಲ್ಲು ಒಡೆದವರು ಯಾರು, ಅದರ ಮೇಲೆ ಸೈಕಲ್ ಹತ್ತಿ ಹೋಗೋ ಧೈರ್ಯ ಯಾರಿಗಿತ್ತು, ಇದನ್ನ ಯಾರೂ ಬರೆಯಲ್ಲ.

ಮೊದಲು ಈ ದಾರಿಗಳು ಖಾಲಿ ಇರಲಿಲ್ಲ. ಮುಂಬೈ ಪ್ರಾಂತದ ಕಾಲದಲ್ಲಿ ನವಲಗುಂದ, ಅಣ್ಣಿಗೇರಿ, ಹುಬ್ಬಳ್ಳಿ ಕಡೆಯ ಎರಿ ಹೊಲದ ಹತ್ತಿ ಎತ್ತಿನ ಗಾಡಿ ಏರಿ ಘಟ್ಟ ಇಳಿದು ಸಮುದ್ರಕ್ಕೆ ಹೋಗ್ತಿತ್ತು. ಅದಕ್ಕೂ ಹಿಂದೆ ಲಂಬಾಣಿಗರ ಹೇರೆತ್ತುಗಳು ಸಾಮಾನು ಸಾಗಿಸ್ತಿದ್ದವು. ನಮ್ಮ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದರಿಂದ ಮುಂಬೈ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. ಬೆಳೆದದ್ದು ನಮ್ಮ ನೆಲದಲ್ಲಿ, ಹೆಸರು ಬಂದರಿಂದು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದೆ ಇಲ್ಲಿ ರೇಟು ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರು ಮತ್ತು ಈ ಹತ್ತಿಯ ಲೆಕ್ಕಾಚಾರವೇ ಇತ್ತು. ಆಮೇಲೆ 1880ರ ದಶಕದಲ್ಲಿ ರೈಲು ಬಂತು, ಹತ್ತಿ ಮರ್ಮಗೋವಾ ಬಂದರಿಗೆ ಹಳಿ ಮೇಲೆ ಹೊರಟಿತು, ಗಾಡಿ ದಾರಿಗಳು ಬಣಗುಟ್ಟಿದವು. ಹುಬ್ಬಳ್ಳಿ-ಅಂಕೋಲಾ ಹೆದ್ದಾರಿ ಮಾತ್ರ ಮತ್ತೆ ತುಂಬಿತು. 2010ರಲ್ಲಿ ಸರ್ಕಾರ ಅದಿರು ರಫ್ತಿಗೆ ತಡೆ ಹಾಕುವ ತನಕ ಅಲ್ಲಿ ಬಳ್ಳಾರಿ ಅದಿರಿನ ಲಾರಿಗಳ ನಡುವೆ ಸೈಕಲ್ ಹೊಡೆಯೋದಂದ್ರೆ ಜೀವ ಕೈಯಲ್ಲಿ ಹಿಡಿದಂಗ.

ಕಲ್ಲು ಒಡೆದವರ ಮಾತಿಗೆ ಬರ್ತೀನಿ. 1876-78ರ ಬರ, ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರದ ಬರ ಅಂತಿದ್ರು. ಆಗ ಸರ್ಕಾರ ಪುಕ್ಕಟೆ ಕಾಳು ಕೊಡಲಿಲ್ಲ, ಕಾಮಗಾರಿ ಕೊಟ್ಟಿತು. ರಸ್ತೆ, ಕೆರೆ, ರೈಲಿನ ಮಣ್ಣು ಕೆಲಸ. 1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆಗೆ ಇಳಿಸಿದ. ಒಂದು ಪೌಂಡ್ ಅಂದ್ರೆ ಅರ್ಧ ಕಿಲೋಕ್ಕಿಂತ ಕಡಿಮೆ. ದಿನಪೂರ್ತಿ ಜಲ್ಲಿ ಕುಟ್ಟುವವನಿಗೆ! ಬರದಲ್ಲಿ ಮೊದಲು ಕಾಮಗಾರಿಗೆ ಹೋಗಿ ನಿಲ್ಲುವವರು ಹೊಲ ಇಲ್ಲದವರು, ಹಗೇವಿನಲ್ಲಿ ಕಾಳಿಲ್ಲದವರು. ಅವರು ಯಾವ ಕೇರಿಯವರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ರಸ್ತೆ ಆದ ಮೇಲೂ ಅದರ ಮೇಲೆ ಹೆಚ್ಚು ನಡೆದವರು ನಾವೇ. ಊರಿಂದ ಊರಿಗೆ ಓಲೆ ಒಯ್ಯೋದು, ಸಾವಿನ ಸುದ್ದಿ ಮುಟ್ಟಿಸೋದು, ಬಂದ ಅಧಿಕಾರಿಯ ಗಂಟು ಮುಂದಿನ ಊರಿನ ತನಕ ಹೊರೋದು, ಎಲ್ಲ ನಮ್ಮವರ ಚಾಕರಿ. 1874ರ ಮುಂಬೈ ವತನ ಕಾಯ್ದೆಯಡಿ ಇಂಥ ಚಾಕರಿ ವಂಶಪಾರಂಪರ್ಯವಾಗಿ ಬಿಗಿದಿತ್ತು. 1928ರಲ್ಲಿ ಬಾಬಾಸಾಹೇಬರು ಮುಂಬೈ ಶಾಸನಸಭೆಯಲ್ಲಿ ಅದಕ್ಕೆ ತಿದ್ದುಪಡಿ ತರಲು ಮಸೂದೆ ಮಂಡಿಸಿದರು, ಆಗಲಿಲ್ಲ. ನಮ್ಮ ಕಡೆ ಅದು ಕಾನೂನಿನ ಪ್ರಕಾರ ಮುಗಿದದ್ದು 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದಾಗ.

ಇನ್ನು ಗಾಲಿಯ ಕಥೆ. 1901ರಲ್ಲಿ ಬಾಬಾಸಾಹೇಬರು ಹುಡುಗ. ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆಯನ್ನು ನೋಡಲು ಕೋರೆಗಾಂವಕ್ಕೆ ಹೊರಟರು. ಮಸೂರ ಸ್ಟೇಷನ್ನಿನಲ್ಲಿ ಇಳಿದರೆ ಮಹಾರರ ಮಕ್ಕಳು ಅಂತ ಯಾರೂ ಗಾಡಿ ಕೊಡಲಿಲ್ಲ. ಕೊನೆಗೆ ಒಬ್ಬ ಒಪ್ಪಿದ: ಎರಡು ಪಟ್ಟು ಬಾಡಿಗೆ, ಗಾಡಿ ಮಕ್ಕಳೇ ಹೊಡೀಬೇಕು, ತಾನು ಪಕ್ಕದಲ್ಲಿ ನಡೆದು ಬರ್ತೀನಿ. 1929ರಲ್ಲಿ ಅವರು ಬ್ಯಾರಿಸ್ಟರ್, ಮುಂಬೈ ಸರ್ಕಾರ ನೇಮಿಸಿದ ಸಮಿತಿಯ ಸದಸ್ಯರು. ಚಾಳೀಸಗಾಂವದಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಸಿಕ್ತು, ಹೊಡೆಯುವವನು ಸಿಗಲಿಲ್ಲ. ಕೇರಿಯ ಒಬ್ಬ, ರೂಢಿ ಇಲ್ಲದವನು, ಲಗಾಮು ಹಿಡಿದ. ಸೇತುವೆ ಹತ್ತಿರ ಟಾಂಗಾ ಬಡಿದು ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲಿಗೆ ಪೆಟ್ಟು ಮಾಡಿಕೊಂಡರು.

ಎರಡು ಕಥೆಯಲ್ಲೂ ಗಂಟು ಒಂದೇ ಕಡೆ ಇದೆ ನೋಡ್ರಿ. ದುಡ್ಡಿತ್ತು, ಗಾಡಿಯೂ ಇತ್ತು, ಹೊಡೆಯುವವನ ಒಪ್ಪಿಗೆ ಇರಲಿಲ್ಲ. ಸೈಕಲ್ಲಿಗೆ ಹೊಡೆಯುವವನೇ ಬೇಕಿಲ್ಲ. ಎತ್ತಿಗೆ ಮೇವು ಬೇಕು, ಮೇವಿಗೆ ಹೊಲ ಬೇಕು. ಸೈಕಲ್ಲಿಗೆ ಅದೂ ಬೇಡ. ಹಂಗಾಗಿಯೇ ಸೈಕಲ್ ಮೇಲೆ ಊರಿನವರ ಕಣ್ಣು ಕೆಂಪಾಯಿತು ಅಂತ ನನ್ನ ತಿಳಿವಳಿಕೆ.

ಅಟ್ಲಾಸ್ 1951ರಲ್ಲಿ, ಹೀರೋ 1956ರಲ್ಲಿ ಶುರುವಾದವು. ನಮ್ಮ ಮನೆಗೆ ಬರುವ ಹೊತ್ತಿಗೆ 80ರ ದಶಕ, ಅದೂ ಸೆಕೆಂಡ್ ಹ್ಯಾಂಡ್ ಅಟ್ಲಾಸ್. ಅಪ್ಪ ಅಣ್ಣಿಗೇರಿಯಲ್ಲಿ ಹಮಾಲಿ ಮಾಡ್ತಿದ್ದ. ನಮ್ಮದು ಎರಿ ನೆಲದ ಊರು, ಮಳೆ ಬಿದ್ದರೆ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಹಿಟ್ಟಿನಂಗ ಮೆತ್ತಿ ಸೈಕಲ್ ಉರುಳೋದೇ ಇಲ್ಲ. ಹೆಗಲ ಮೇಲೆ ಹೊತ್ತು ಬರ್ತಿದ್ದ. ಅದು ಮಳೆಗಾಲದ ಮಾತು. ಬ್ಯಾಸಗಿಯಲ್ಲೂ, ರಸ್ತೆ ಕಟಕಟ ಒಣಗಿದ್ದಾಗಲೂ, ಅಗಸಿ ಬಂತಂದ್ರೆ ಅಪ್ಪ ಇಳೀತಿದ್ದ. ಹನುಮಪ್ಪನ ಗುಡಿ, ಗೌಡ್ರ ಓಣಿ ದಾಟೋತನಕ ತಳ್ಳಿಕೊಂಡು ಹೋಗಿ, ಕೇರಿ ಹತ್ತಿರ ಮತ್ತೆ ಹತ್ತೋದು. ಕಟ್ಟೆ ಮೇಲೆ ಕೂತವರು ನೋಡಿದರೆ “ಇಳದೀನ್ರೀ ಗೌಡ್ರ” ಅಂತ ತಾನೇ ಹೇಳ್ತಿದ್ದ. ಕಲಘಟಗಿ ಏರಿನಲ್ಲಿ ಗೇರ್ ಇಲ್ಲದ ಸೈಕಲ್ಲಿನಿಂದ ಎಲ್ಲ ಜಾತಿಯವರೂ ಇಳೀತಾರೆ. ನಮ್ಮವರು ಸಪಾಟು ನೆಲದಲ್ಲಿ ಇಳಿದವರು.

ಮೊದಲು ಇಳಿಯದೆ ಹೋದವನು ನಮ್ಮ ದೊಡ್ಡಪ್ಪನ ಮಗ. ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ರಜೆಗೆ ಬಂದವನು ಅಪ್ಪನ ಸೈಕಲ್ ತಗೊಂಡು ಅಗಸಿಯಿಂದ ಕೇರಿಯ ತನಕ ಬೆಲ್ ಹೊಡ್ಕೊಂಡು ಬಂದ. ಮರುದಿನದಿಂದ ಕೇರಿಯವರನ್ನು ಕೆಲಸಕ್ಕೆ ಕರೆಯೋದು ಬಂದ್. ಗಿರಣಿಯಲ್ಲಿ ಹಿಟ್ಟು ಬೀಸೋದು ಬಂದ್. ಅವ್ವ ಬೀಸುವ ಕಲ್ಲನ್ನು ತೊಳೆದು ಹೊರಗೆ ತೆಗೆದಳು. ಕೇರಿಯ ಹಿರಿಯರೇ ಅವನಿಗೆ, “ಯಾಕಪಾ, ನಾಕು ಹೆಜ್ಜಿ ನಡದ್ರ ಕಾಲು ಸವೀತಿದ್ವೇನು?” ಅಂದ್ರು. ಅವನು ದಿನಾ ಹಂಗೇ ಓಡಾಡಿದ. ಬಿಳಿಜೋಳದ ಸುಗ್ಗಿ ಎದುರಿಗಿತ್ತು, ಕೊಯ್ಯಲು ಆಳು ಬೇಕಿತ್ತು, ಎರಡು ವಾರದೊಳಗೆ ಕರೆ ಬಂತು. ಯಾರ ಮನಸ್ಸೂ ಪರಿವರ್ತನೆ ಆಗಿರಲಿಲ್ಲ, ಜೋಳ ಉದುರುತ್ತಿತ್ತು ಅಷ್ಟೇ. ಅಪ್ಪ ಮಾತ್ರ ಆಮೇಲೂ ಒಂದೆರಡು ವರ್ಷ ಇಳೀತಾನೇ ಇದ್ದ.

ಇದು ಒಂದೂರಿನ ಕಥೆ ಅಂತ ಯಾರಾದರೂ ಅಂದರೆ, 2006ರಲ್ಲಿ ಘನಶ್ಯಾಮ ಶಾ, ಸುಖದೇವ ಥೋರಟ್ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕ್ಷೆ ತೋರಿಸ್ರಿ. 11 ರಾಜ್ಯ, 565 ಹಳ್ಳಿ, ಕರ್ನಾಟಕವೂ ಅದರಲ್ಲಿ ಇದೆ. ದಲಿತರು ಸೈಕಲ್ ಹತ್ತಬಾರದು, ಚಪ್ಪಲಿ ಮೆಟ್ಟಬಾರದು, ಕೊಡೆ ಬಿಚ್ಚಬಾರದು ಅನ್ನೋ ಕಟ್ಟಳೆಗಳನ್ನ ಅವರು ದಾಖಲಿಸಿದರು. 1955ರಿಂದ ಅಸ್ಪೃಶ್ಯತಾ ಅಪರಾಧ ಕಾಯ್ದೆ ಇತ್ತು, 1989ರಿಂದ ದೌರ್ಜನ್ಯ ತಡೆ ಕಾಯ್ದೆ. ಆದರೂ ಸೈಕಲ್ ಅನ್ನೋ ಪದ ಆ ಕಾಯ್ದೆಯ ಅಪರಾಧಗಳ ಪಟ್ಟಿಗೆ ಬಂದದ್ದು 2015ರ ತಿದ್ದುಪಡಿಯಲ್ಲಿ. ಜಾರಿ 2016ರ ಜನವರಿ 26. ಕಲಂ 3(1)(ಝಡ್‌ಎ): ಸಾರ್ವಜನಿಕ ಜಾಗದಲ್ಲಿ ಸೈಕಲ್ ಅಥವಾ ಮೋಟಾರ್ ಸೈಕಲ್ ಹತ್ತಲು, ಚಪ್ಪಲಿ ಅಥವಾ ಹೊಸ ಬಟ್ಟೆ ಹಾಕಲು, ಮದುವೆ ಮೆರವಣಿಗೆ ತೆಗೆಯಲು ಅಡ್ಡಿ ಮಾಡುವುದು ಅಪರಾಧ. ಠಾಣೆಯಲ್ಲಿ ಜಾತಿ ನಿಂದನೆ ಅಂತಷ್ಟೇ ಬರೆದು ಕೈತೊಳೆದುಕೊಳ್ಳಲು ಬಿಡಬ್ಯಾಡ್ರಿ, ಈ ಕಲಂ ಹೆಸರು ಹೇಳಿ ಬರೆಸ್ರಿ.

1983ರಲ್ಲಿ ಕಾನ್ಶಿರಾಂ ಸಾಹೇಬರು ನೂರು ಕಾರ್ಯಕರ್ತರನ್ನು ಕಟ್ಟಿಕೊಂಡು ಏಳು ರಾಜ್ಯ ಸೈಕಲ್ಲಿನಲ್ಲೇ ಸುತ್ತಿದರು. ಮುಂದಿನ ವರ್ಷ ಬಿಎಸ್‌ಪಿ ಹುಟ್ಟಿತು. ಸಂಘಟನೆಗೆ ಕಾರು ಇಲ್ಲ ಅಂತ ಗೊಣಗುವ ನಮ್ಮ ಯುವಕರಿಗೆ ಇದನ್ನ ಆಗಾಗ ನೆನಪು ಮಾಡ್ತಿರ್ತೀನಿ, ಅವರಿಗೆ ಬೇಜಾರು.

ಇವತ್ತಿನ ಮಾತು. ಸೈಕಲ್ ಗುಂಪಿನವರಿಗೆ ಖಾಲಿ ರಸ್ತೆ ಅಂದ್ರೆ ಆ ಊರಿನವರಿಗೆ ಬಸ್ ಇಲ್ಲದ ರಸ್ತೆ. ರಾತ್ರಿ ವಸ್ತಿ ಬಸ್ ಬಂದು ಬೆಳಗ್ಗೆ ಹೋದರೆ ಮತ್ತೆ ಸಂಜೆಯೇ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ, ಆದರೆ ಬಸ್ಸೇ ಬರದ ರಸ್ತೆಯಲ್ಲಿ ಫ್ರೀ ಟಿಕೆಟ್ ಏನು ಮಾಡೋದು? 2006-07ರಲ್ಲಿ ಶುರುವಾದ ಎಂಟನೇ ಕ್ಲಾಸಿನ ಮಕ್ಕಳ ಸೈಕಲ್ ಯೋಜನೆ ಕೊರೊನಾ ಕಾಲದಲ್ಲಿ ನಿಂತಿತು. ನಮ್ಮ ಕೇರಿಯ ಎಷ್ಟೋ ಹುಡುಗಿಯರು ಆ ಸೈಕಲ್ಲಿನ ಮೇಲೆ ಹೈಸ್ಕೂಲ್ ಮುಗಿಸಿದರು, ಗುಡಿ ಮುಂದಿನಿಂದಲೇ, ಇಳಿಯದೆ. ಅದಕ್ಕೇ ಆ ಯೋಜನೆ ನಿಂತದ್ದು ನನಗೆ ಬರೀ ಬಜೆಟ್ ಲೆಕ್ಕ ಅನ್ನಿಸಲ್ಲ.

ಒಂದು ಕೆಲಸ ಮಾಡೋಣ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ನಾಲ್ಕೂ ತಾಲೂಕಿನ ಗೆಳೆಯರು ನಿಮ್ಮ ಊರಿನ ಹಿರಿಯರನ್ನು ಕೇಳ್ರಿ: ಎಲ್ಲಿಂದ ಎಲ್ಲಿತನಕ ಸೈಕಲ್ ಇಳೀಬೇಕಿತ್ತು, ಮೊದಲು ಇಳಿಯದೆ ಹೋದವರು ಯಾರು, ಯಾವ ವರ್ಷ, ಆಮೇಲೆ ಏನಾಯ್ತು. ಬರೆದು ನನಗೆ ಕಳಿಸ್ರಿ. ಬರೆಯೋಕೆ ಬರದ ಹಿರಿಯರದ್ದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೂ ನಡೀತದ, ನಾನು ಕೂತು ಬರ್ಕೋತೀನಿ.