ಕಾಲೇಜಿನ ಹೊಸಿಲು ಮತ್ತು ನಮ್ಮ ಕೇರಿ

ದೇವದುರ್ಗ, ಮಾನ್ವಿ ತಾಲೂಕುಗಳ ಯಾವ ಹಳ್ಳಿಯ ಕೇರಿಗಾದರೂ ಹೋಗಿ ಕೇಳಿ. "ಯವ್ವಾ, ನಿನ್ನ ಮಗ ಎಷ್ಟು ಓದ್ಯಾನ?" ಎಂದರೆ, "ಪಿಯುಸಿ ಫೇಲಾಗ್ಯಾನ್ರಿ" ಎಂಬ ಉತ್ತರ ಎಲ್ಲೋ ಒಂದು ಮನೆಯಲ್ಲಿ ಅಲ್ಲ, ಮನೆ ಮನೆಯಲ್ಲಿ ಸಿಗುತ್ತದೆ. ಪಿಯುಸಿ ಫೇಲ್ ಎಂಬುದು ನಮ್ಮಲ್ಲಿ ಒಂದು ವಿದ್ಯಾರ್ಹತೆಯ ಹೆಸರೇ ಆಗಿಬಿಟ್ಟಿದೆ. ಹತ್ತು ಪಾಸಾದವನಿಗಿಂತ ಒಂದು ಮೆಟ್ಟಿಲು ಮೇಲೆ, ಕಾಲೇಜು ಕಂಡವನಿಗಿಂತ ಒಂದು ಮೆಟ್ಟಿಲು ಕೆಳಗೆ. ಫೇಲಾದವನ ಹೆಸರು ಬೋರ್ಡಿನ ಪಟ್ಟಿಯಲ್ಲಿದೆ. ಅವನನ್ನು ಫೇಲು ಮಾಡಿದ್ದು ಏನು ಎಂಬುದು ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನು ಹುಡುಕಬೇಕಾದರೆ ಹೈಸ್ಕೂಲಿಗೂ ಕಾಲೇಜಿಗೂ ನಡುವಿನ ಈ ಎರಡು ವರ್ಷಗಳ ಚರಿತ್ರೆಯನ್ನೇ ನೋಡಬೇಕು.

ನಮ್ಮ ಜಿಲ್ಲೆ 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಕಲಿಸಿತು. ಇಂಗ್ಲಿಷಿನ ಹಂಗಿಲ್ಲದೆ ಒಂದು ದೇಶಭಾಷೆಯಲ್ಲಿ ವಿಜ್ಞಾನ, ಕಾನೂನು, ವೈದ್ಯ ಎಲ್ಲವನ್ನೂ ಕಲಿಸಬಹುದು ಎಂದು ತೋರಿಸಿದ್ದು ಸಣ್ಣ ಮಾತಲ್ಲ. ಆದರೆ ಅದು ಯಾರ ಭಾಷೆ? ರಾಯಚೂರು, ಗುಲಬರ್ಗಾ, ಬೀದರ್‌ಗಳ ಕನ್ನಡದ ಮಗುವಿಗೆ ಅದು ಕಚೇರಿಯ ಭಾಷೆ, ಅಮೀನನ ಭಾಷೆ. ಕನ್ನಡ ಪ್ರಾಥಮಿಕ ಸಾಲಿಯಲ್ಲೇ ಮುಗಿಯುತ್ತಿತ್ತು. ಹೈಸ್ಕೂಲಿಗೆ ಹೋಗಬೇಕಾದರೆ ಉರ್ದು ಬರಬೇಕು. ಅಲ್ಲಿಂದ ಇಂಟರ್‌ಮೀಡಿಯೆಟ್ ಓದಲು ಗುಲಬರ್ಗಾಕ್ಕೋ ಹೈದರಾಬಾದಿಗೋ ಹೋಗಿ, ಅಲ್ಲಿ ಇದ್ದು ಉಣ್ಣುವ ಶಕ್ತಿ ಇರಬೇಕು. ಮನೆಗೆ ಮೌಲ್ವಿಯನ್ನು ಕರೆಸಿ ಉರ್ದು ಕಲಿಸಬಲ್ಲ ದೇಸಾಯಿ, ದೇಶಮುಖ, ವತನದಾರ, ವಕೀಲರ ಮಕ್ಕಳು ಈ ಹೊಳೆ ದಾಟಿದರು. ಕಾಲೇಜಿಗೆ ಬೇಕಾದ ತಯಾರಿ ಅಂದಿನಿಂದಲೂ ಸಾಲಿಯ ಹೊರಗೇ ನಡೆಯುತ್ತಿತ್ತು ಎಂಬುದನ್ನು ಗಮನಿಸಬೇಕು.

ಇದಕ್ಕೆ ಪ್ರತಿರೋಧ ಇರಲಿಲ್ಲವೆಂದಲ್ಲ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಇದೇ ಊರಿನಲ್ಲಿ ನಡೆಯಿತು. ಕನ್ನಡಕ್ಕಾಗಿ ನಡೆದ ಆ ಹೋರಾಟ ನಮ್ಮದೂ ಹೌದು. ಆದರೆ ಕನ್ನಡ ಉಳಿಯಬೇಕು ಎಂದವರ ಕಣ್ಣಿಗೆ ಕೇರಿಯ ಕನ್ನಡಿಗ ಎಷ್ಟರಮಟ್ಟಿಗೆ ಬಿದ್ದಿದ್ದ ಎಂಬ ಪ್ರಶ್ನೆಯನ್ನೂ ನಾವು ಕೇಳಲೇಬೇಕು.

ಈ ಪ್ರಶ್ನೆಯನ್ನು ತನ್ನ ಮೈಮೇಲೆ ಅನುಭವಿಸಿ ಕೇಳಿದವರು ಅಂಬೇಡ್ಕರ್. ಮುಂಬಯಿಯ ಹೈಸ್ಕೂಲಿನಲ್ಲಿ ಅವರಿಗೆ ಸಂಸ್ಕೃತ ಕಲಿಯಲು ಬಿಡಲಿಲ್ಲ. ಪಾರ್ಸಿ ಭಾಷೆ ತೆಗೆದುಕೊಂಡರು. 1907ರಲ್ಲಿ ಮೆಟ್ರಿಕ್ ಪಾಸಾದರು. ಇಂಟರ್ ಮುಗಿಯುವ ಹೊತ್ತಿಗೆ ಮನೆಯಲ್ಲಿ ದುಡ್ಡು ಮುಗಿದಿತ್ತು. ಬರೋಡೆಯ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 25 ರೂಪಾಯಿ ಕೊಡದಿದ್ದರೆ 1912ರ ಆ ಬಿ.ಎ. ಪದವಿಯೇ ಇರುತ್ತಿರಲಿಲ್ಲ. ಅಂಥ ಬುದ್ಧಿವಂತನೂ ಎಡವಬಹುದಾಗಿದ್ದ ಜಾಗ ಇದೇ ಹೊಸಿಲು.

ಆದ್ದರಿಂದಲೇ ಅವರು ಅಕ್ಷರ ಕಲಿತರೆ ಸಾಕು ಎನ್ನಲಿಲ್ಲ. ಅವರಿಗಿಂತ ಮುಂಚೆ 1882ರಲ್ಲಿ ಜೋತಿಬಾ ಫುಲೆ ಹಂಟರ್ ಆಯೋಗದ ಮುಂದೆ, ರೈತ ಕೂಲಿಕಾರರ ತೆರಿಗೆಯ ಹಣ ಮೇಲ್ಜಾತಿಯವರ ಉನ್ನತ ಶಿಕ್ಷಣಕ್ಕೆ ಹರಿಯುತ್ತಿದೆ, ಬಡವರ ಪ್ರಾಥಮಿಕ ಶಿಕ್ಷಣ ಒಣಗುತ್ತಿದೆ ಎಂದು ಲೆಕ್ಕ ಕೇಳಿದ್ದರು. ಫುಲೆಯವರ ಮಾತನ್ನು ಅಂಬೇಡ್ಕರ್ ಮುಂದಕ್ಕೆ ಒಯ್ದರು. ವೈಸರಾಯ್ ಮಂಡಳಿಯಲ್ಲಿದ್ದಾಗ ಒತ್ತಾಯ ಮಾಡಿ ದಲಿತರ ಉನ್ನತ ಶಿಕ್ಷಣಕ್ಕೆ ವರ್ಷಕ್ಕೆ 3 ಲಕ್ಷ ರೂಪಾಯಿ ಪಡೆದರು. 1944ರಲ್ಲಿ ಶುರುವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇಂದಿಗೂ ನಮ್ಮ ಮಕ್ಕಳ ಕೈಯಲ್ಲಿದೆ. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು ತೆರೆದರು. ಅದೇ ಮುಂದೆ ಮಿಲಿಂದ ಕಾಲೇಜಾಯಿತು. ಔರಂಗಾಬಾದ್ ಆಗ ಇದ್ದದ್ದು ರಾಯಚೂರು ಇದ್ದ ಅದೇ ಹೈದರಾಬಾದ್ ರಾಜ್ಯದಲ್ಲಿ. ಮರಾಠವಾಡದ ಕೇರಿಗಳ ಹುಡುಗರು ಆ ಕಾಲೇಜಿನಲ್ಲಿ ಓದಿ ಕವಿಗಳಾದರು, ಹೋರಾಟಗಾರರಾದರು. ರಾಯಚೂರಿಗೆ ಅಂಥ ಮಿಲಿಂದ ಬರಲಿಲ್ಲ.

1956ರಲ್ಲಿ ಕರ್ನಾಟಕ ಒಂದಾಯಿತು. ನಮ್ಮ ಕಾಲೇಜುಗಳು ಧಾರವಾಡದ ವಿಶ್ವವಿದ್ಯಾಲಯದ ಕೆಳಗೆ ಬಂದವು. ಗುಲಬರ್ಗಾ ವಿಶ್ವವಿದ್ಯಾಲಯ ಆದದ್ದು 1980ರಲ್ಲಿ. ಅಷ್ಟರಲ್ಲಿ ದೇಶದ ತುಂಬ ಹೊಸಿಲನ್ನೇ ಮತ್ತೆ ಕೆತ್ತುವ ಕೆಲಸ ನಡೆದಿತ್ತು. 1952-53ರ ಮುದಲಿಯಾರ್ ಆಯೋಗ ಇಂಟರ್ ತೆಗೆದು ಅದರ ಒಂದು ವರ್ಷವನ್ನು ಹೈಸ್ಕೂಲಿಗೂ ಇನ್ನೊಂದನ್ನು ಪದವಿಗೂ ಸೇರಿಸಿ ಎಂದಿತು. ಒಂದು ವರ್ಷದ ಪಿಯುಸಿ ಬಂತು. 1964-66ರ ಕೊಠಾರಿ ಆಯೋಗದ ನಂತರ ಹತ್ತು, ಎರಡು, ಮೂರು ಎಂಬ ಲೆಕ್ಕ ಬಂತು. 1970ರ ದಶಕದಲ್ಲಿ ನಮ್ಮ ಪಿಯುಸಿ ಎರಡು ವರ್ಷದ್ದಾಗಿತ್ತು. ತಾಲೂಕಿನ ಹೈಸ್ಕೂಲುಗಳಿಗೇ ಪಿಯುಸಿ ತರಗತಿ ಸೇರಿ ಜೂನಿಯರ್ ಕಾಲೇಜುಗಳಾದವು.

ಇದರಿಂದ ನಮಗೆ ಲಾಭವಾಯಿತು, ಅದನ್ನು ಒಪ್ಪಿಕೊಳ್ಳೋಣ. ಜೂನಿಯರ್ ಕಾಲೇಜು ಮತ್ತು ಸರ್ಕಾರಿ ಹಾಸ್ಟೆಲ್, ಈ ಎರಡು ಕೂಡಿದ ಕಡೆಯಿಂದಲೇ ನಾಡಿನ ತುಂಬ ದಲಿತರ ಮೊದಲ ಓದಿದ ತಲೆಮಾರು ಬಂತು. 1973ರ ಬೂಸಾ ಗಲಾಟೆಯಲ್ಲಿ ಏಟು ತಿಂದವರು, ದಲಿತ ಸಂಘರ್ಷ ಸಮಿತಿ ಕಟ್ಟಿದವರು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಜೊತೆ ಬಂದವರು ಬಹುಪಾಲು ಇಂಥ ಹಾಸ್ಟೆಲುಗಳ ಅನ್ನ ಉಂಡವರು. ಆ ಹಾಸ್ಟೆಲ್ ಇಲ್ಲದಿದ್ದರೆ ಈ ಪತ್ರಿಕೆಯೂ ಇಲ್ಲ.

ಆದರೆ ಹೊಸಿಲಿನ ಇನ್ನೊಂದು ಮಗ್ಗುಲನ್ನು ನೋಡಿ. ಉರ್ದು ಹೋದ ಜಾಗದಲ್ಲಿ ಇಂಗ್ಲಿಷ್ ಬಂದು ಕೂತಿತು. ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಮಾರ್ಚಿನಲ್ಲಿ ವೇಗೋತ್ಕರ್ಷ, ಜಡತ್ವ, ವರ್ಗಸಮೀಕರಣ ಎಂದು ಬರೆದು ಪಾಸಾಗುತ್ತಾಳೆ. ಎರಡು ಮೂರು ತಿಂಗಳು ಕಳೆದು ಪಿಯುಸಿ ವಿಜ್ಞಾನಕ್ಕೆ ಸೇರಿದರೆ ಅವೇ ವಿಷಯಗಳು ಆಕ್ಸಿಲರೇಶನ್, ಇನರ್ಶಿಯಾ, ಕ್ವಾಡ್ರಾಟಿಕ್ ಈಕ್ವೇಶನ್ ಆಗಿ ಎದುರು ನಿಲ್ಲುತ್ತವೆ. ಗೊತ್ತಿದ್ದ ವಿಷಯವೇ ಗುರುತು ಸಿಗದ ಹಾಗೆ ಆಗುತ್ತದೆ. ಇನ್ನೂ ಒಂದು ಮಾತು. ಆ ಮೊದಲಿನ ಪುಸ್ತಕದ ಕನ್ನಡವಾದರೂ ಅವಳ ಅವ್ವನ ಕನ್ನಡವೇ? ಎಲೆ ಬಿಸಿಲುಂಡು ಬೆಳೀತೈತಿ ಎಂದು ಹೊಲದಲ್ಲಿ ನಿಂತವರಿಗೆ ಗೊತ್ತು. ಅದನ್ನು ದ್ಯುತಿಸಂಶ್ಲೇಷಣೆ ಎಂದು ಬಾಯಿಪಾಠ ಮಾಡಿಸಿದರು. ಅದು ಬಾಯಿಗೆ ಹೊಂದುವಷ್ಟರಲ್ಲಿ ಫೋಟೋಸಿಂಥೆಸಿಸ್ ಎಂದರು. ಮೇಲ್ಜಾತಿಯ, ಮೇಲ್ವರ್ಗದ ಮಗು ಒಂದು ಭಾಷೆ ದಾಟಿದರೆ ಸಾಕು. ಕೇರಿಯ ಮಗು ಎರಡು ದಾಟಬೇಕು.

ದಾಟಿಸಲು ಯಾರಿದ್ದಾರೆ? ಖಾಲಿ ಹುದ್ದೆಗಳ ಮೇಲೆ ಅತಿಥಿ ಉಪನ್ಯಾಸಕರು ಬರುವುದು ತಡ, ಹೋಗುವುದು ಬೇಗ. ಮನೆಯಲ್ಲೋ ಮಳೆ ಮುಗಿದ ಮೇಲೆ ಗುಳೆ. ಅಪ್ಪ ಅವ್ವ ಬೆಂಗಳೂರು, ಪುಣೆಯ ಕಟ್ಟಡಗಳಿಗೆ ಹೋದರೆ ಹಿರಿಮಗಳು ಮನೆ ಕಾಯಬೇಕು, ಇಲ್ಲವೇ ಜೊತೆಗೆ ಹೋಗಬೇಕು. ಹತ್ತಿ ಬಿಡಿಸುವ ಕಾಲ, ಮೆಣಸಿನಕಾಯಿ ಹರಿಯುವ ಕಾಲ, ಪಿಯುಸಿ ಪರೀಕ್ಷೆಗೆ ಓದುವ ಕಾಲ, ಮೂರೂ ಒಟ್ಟಿಗೇ ಬರುತ್ತವೆ. "ಹತ್ತು ಪಾಸಾತಲ್ಲೋ ತಮ್ಮಾ, ಇನ್ನೇನು ಓದೂದೈತಿ, ನಡಿ ದುಡಿಯಾಕ" ಎನ್ನುವ ಅಪ್ಪ ವಿದ್ಯೆಯ ವೈರಿಯಲ್ಲ. ಸಾಲದ ಲೆಕ್ಕ ಅವನಿಗೆ ಗೊತ್ತು. ಹೀಗಾಗಿ ಹಳ್ಳಿಯ ಹುಡುಗರು ಕಲಾ ವಿಭಾಗಕ್ಕೆ ಸೇರುವುದು ಬಹಳ ಸಲ ಇಷ್ಟಪಟ್ಟಲ್ಲ, ಬೇರೆ ಬಾಗಿಲು ತೆರೆಯದೆ.

1994ರಿಂದ ವೃತ್ತಿ ಕಾಲೇಜುಗಳಿಗೆ ಸಿಇಟಿ ಬಂತು. ಕ್ಯಾಪಿಟೇಶನ್ ಹಣದ ಕೊಬ್ಬು ಇಳಿಸಲು ಅದು ಬೇಕಿತ್ತು, ಬಡವರ ಮಕ್ಕಳೂ ಒಳಗೆ ಹೋದರು. ಆದರೆ ಬರಬರುತ್ತ ಪಿಯುಸಿ ತರಗತಿ ಬರೀ ಹಾಜರಿ ಹಾಕುವ ಜಾಗವಾಗಿ, ನಿಜವಾದ ತಯಾರಿ ಕೋಚಿಂಗ್ ಅಂಗಡಿಗೆ ಹೋಯಿತು. 2012-13ರಲ್ಲಿ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯ ಬಂತು. 2016ರಿಂದ ವೈದ್ಯಕೀಯಕ್ಕೆ ನೀಟ್ ಕಡ್ಡಾಯವಾಯಿತು. 2017ರಲ್ಲಿ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬಂತು. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿದವರು ಮೂರು ತಾಸು ಕನ್ನಡದಲ್ಲಿ ಬರೆಯುವುದೆಂತು? ಹಿಂದೆ ಮೌಲ್ವಿಯನ್ನು ಮನೆಗೆ ಕರೆಸಿದವರ ಜಾಗದಲ್ಲಿ ಇಂದು ಲಕ್ಷಗಟ್ಟಲೆ ಫೀ ಕಟ್ಟಿ ಮಂಗಳೂರಿಗೆ, ಹೈದರಾಬಾದಿಗೆ ಮಕ್ಕಳನ್ನು ಕಳಿಸುವವರಿದ್ದಾರೆ.

ಸರ್ಕಾರಕ್ಕೆ ನಮ್ಮ ಸ್ಥಿತಿ ಗೊತ್ತಿಲ್ಲ ಎನ್ನುವಂತಿಲ್ಲ. 2002ರ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅದರಲ್ಲಿ 21 ಗುಲಬರ್ಗಾ ವಿಭಾಗದವು. ದೇವದುರ್ಗ, ಮಾನ್ವಿ ಎರಡೂ ಆ ಪಟ್ಟಿಯಲ್ಲಿವೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75 ದಾಟಿದಾಗ ರಾಯಚೂರು ಜಿಲ್ಲೆಯದು 60 ಮುಟ್ಟಿರಲಿಲ್ಲ. ಹೆಂಗಸರದು ಅರ್ಧಕ್ಕೂ ಕಡಿಮೆ. ಈ ಜಿಲ್ಲೆಯ ನೂರಕ್ಕೆ ಸುಮಾರು 40 ಜನ ಪರಿಶಿಷ್ಟ ಜಾತಿ, ಪಂಗಡದವರು. 2012ರಲ್ಲಿ ಹೋರಾಟದ ಫಲವಾಗಿ 371 ಜೆ ತಿದ್ದುಪಡಿ ಆಯಿತು. ಈ ಭಾಗದ ಕಾಲೇಜುಗಳಲ್ಲಿ ಶೇಕಡ 70 ಸೀಟು ಸ್ಥಳೀಯರಿಗೆ, ಹೊರಗಿನ ಸಂಸ್ಥೆಗಳಲ್ಲಿ ಶೇಕಡ 8. ರಾಯಚೂರಿನಲ್ಲಿ 2007ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಸೀಟೇನೋ ಬಂತು. ಆದರೆ ಸ್ಥಳೀಯರೆಂದರೆ ಯಾರು? ರಾಯಚೂರು ನಗರದ ಇಂಗ್ಲಿಷ್ ಶಾಲೆಯಲ್ಲಿ ಓದಿದ ವೈದ್ಯರ ಮಗನೂ ಸ್ಥಳೀಯ, ದೇವದುರ್ಗದ ತಾಂಡಾದ ಹುಡುಗಿಯೂ ಸ್ಥಳೀಯಳು. ವಿಜ್ಞಾನದ ಪಿಯುಸಿ ದಾಟದ ಹುಡುಗಿಗೆ ಆ ಸೀಟು ಇದ್ದೂ ಇಲ್ಲದಂತೆ. ಅವಳ ಊರಿನ ಹಿಂದುಳಿದಿರುವಿಕೆ ತೋರಿಸಿ ಪಡೆದ ಸೀಟು ಉಳ್ಳವರ ಪಾಲಾಗುತ್ತದೆ.

ಹಾಗಾದರೆ ಇದು ಹೀಗೇ ಇರುವುದೆ? ಅಮೆರಿಕದ ಒಂದು ಉದಾಹರಣೆ ನೋಡೋಣ. ಅಲ್ಲಿ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಹೇಳುವ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ತರಗತಿಗಳು 1950ರ ದಶಕದಲ್ಲಿ ಶುರುವಾದವು. ಹುಟ್ಟಿದ್ದು ಸಿರಿವಂತರ ಖಾಸಗಿ ಶಾಲೆಗಳ ನೆರಳಿನಲ್ಲಿ. ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲು ಮೆಕ್ಸಿಕೋ ಮೂಲದ ಕೂಲಿಕಾರರ ಮಕ್ಕಳು ಓದುವ ಸರ್ಕಾರಿ ಶಾಲೆ. ಬೊಲಿವಿಯಾದಿಂದ ವಲಸೆ ಬಂದ ಹೈಮೆ ಎಸ್ಕಲಾಂಟೆ ಎಂಬ ಮಾಸ್ತರರು ಅಲ್ಲಿ ಕಲನಶಾಸ್ತ್ರ ಕಲಿಸಿದರು. 1982ರಲ್ಲಿ 18 ಮಕ್ಕಳು ಆ ಕಠಿಣ ಪರೀಕ್ಷೆ ಪಾಸಾದರು. ಇಂಥವರ ಮಕ್ಕಳು ಪಾಸಾಗುವುದೆಂದರೇನು, ಕಾಪಿ ಹೊಡೆದಿರಬೇಕು ಎಂದು 14 ಮಕ್ಕಳ ಮೇಲೆ ಅನುಮಾನ ಬಂತು. ಅವರಲ್ಲಿ 12 ಮಕ್ಕಳು ಮತ್ತೆ ಪರೀಕ್ಷೆಗೆ ಕೂತು ಮತ್ತೆ ಪಾಸಾದರು. ಈ ಅನುಮಾನದ ರುಚಿ ನಮಗೆ ಹೊಸದಲ್ಲ.

ಇದು ಒಬ್ಬ ಮಾಸ್ತರನ ಪವಾಡವಲ್ಲ. ಕೆಳಗಿನ ತರಗತಿಗಳಿಂದಲೇ ಗಣಿತದ ಬುನಾದಿ ಹಾಕಿದರು. ಬೇಸಿಗೆಯಲ್ಲಿ, ಶನಿವಾರ, ಸಾಲಿ ಬಿಟ್ಟ ಮೇಲೆ ಪಾಠ ಮಾಡಿದರು. ಹೆಡ್‌ಮಾಸ್ತರರು ಬೆನ್ನಿಗೆ ನಿಂತರು. ಬೆನ್ನಿಗಿದ್ದವರು ಹೋಗಿ, 1991ರಲ್ಲಿ ಎಸ್ಕಲಾಂಟೆಯೂ ಶಾಲೆ ಬಿಟ್ಟ ಮೇಲೆ ಆ ಕೆಲಸ ಕುಸಿಯಿತು. ವ್ಯಕ್ತಿಯನ್ನು ನಂಬಿ ಕೂತರೆ ಆಗದು, ವ್ಯವಸ್ಥೆಯನ್ನೇ ಬದಲಿಸಬೇಕು ಎಂಬ ಪಾಠವೂ ಅದರಲ್ಲೇ ಇದೆ.

ಹಾಗಾಗಿ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಕಾಲೇಜಿನ ತಯಾರಿ ಅಂಗಡಿಯಿಂದ ಸರ್ಕಾರಿ ತರಗತಿಗೆ ವಾಪಸು ಬರಬೇಕು. ದೇವದುರ್ಗ, ಮಾನ್ವಿಯ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಗಣಿತ, ಭೌತ, ರಸಾಯನ, ಜೀವಶಾಸ್ತ್ರದ ಹುದ್ದೆಗಳು ಜೂನ್ ಒಂದರೊಳಗೆ ತುಂಬಿರಬೇಕು. ಹತ್ತಕ್ಕೂ ಪಿಯುಸಿಗೂ ನಡುವಿನ ಆ ಎರಡು ತಿಂಗಳಲ್ಲಿ ಕನ್ನಡದ ಪದಕ್ಕೆ ಇಂಗ್ಲಿಷಿನ ಪದ ಜೋಡಿಸಿ ಕಲಿಸುವ ತರಗತಿ ನಡೆಯಬೇಕು, ವಿಜ್ಞಾನದ ಪುಸ್ತಕ ಎರಡೂ ಭಾಷೆಯಲ್ಲಿ ಇರಬೇಕು. ಎಂಟನೆಯ ಇಯತ್ತೆಯಿಂದಲೇ ಗಣಿತ ಗಟ್ಟಿಯಾಗಬೇಕು. ಗುಳೆ ಹೋದವರ ಮಕ್ಕಳಿಗೆ, ಮೊದಲು ಹೆಣ್ಣುಮಕ್ಕಳಿಗೆ, ಪಿಯುಸಿ ಮುಗಿಯುವವರೆಗೆ ಹಾಸ್ಟೆಲ್ ಬಾಗಿಲು ಮುಚ್ಚಬಾರದು.

ಹಳ್ಳಿಯ ಮಾಸ್ತರರೇ, ಸಂಘಟನೆಯ ಗೆಳೆಯರೇ, ಅರ್ಜಿ ಬರೆಯುವ ಮೊದಲು ಒಂದು ಲೆಕ್ಕ ಬರೆಯೋಣ. ನಿಮ್ಮ ಊರಿನ ಕೇರಿಯಿಂದ, ತಾಂಡಾದಿಂದ ಕಳೆದ ಐದು ವರ್ಷದಲ್ಲಿ ಎಷ್ಟು ಮಕ್ಕಳು ಹತ್ತು ಪಾಸಾದರು? ಎಷ್ಟು ಮಂದಿ ಪಿಯುಸಿ ಸೇರಿದರು, ಯಾವ ವಿಭಾಗಕ್ಕೆ? ಯಾವ ವಿಷಯದಲ್ಲಿ ಬಿದ್ದರು, ಆ ವರ್ಷ ಆ ವಿಷಯಕ್ಕೆ ಉಪನ್ಯಾಸಕರು ಎಷ್ಟು ತಿಂಗಳು ಇದ್ದರು? ಪದವಿ ಓದುತ್ತಿರುವ ಹುಡುಗ ಹುಡುಗಿಯರು ಬೇಸಿಗೆ ರಜೆಯಲ್ಲಿ ಈ ಪಟ್ಟಿ ಮಾಡಲಿ, ಜೊತೆಗೆ ಸಂಜೆ ಎರಡು ತಾಸು ಪಾಠ ಹೇಳಲಿ. ಹತ್ತು ಹಳ್ಳಿಗಳ ಪಟ್ಟಿ ಕೂಡಿದ ದಿನ ಅದನ್ನು ಹಿಡಿದು ರಾಯಚೂರಿನ ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಯ ಮುಂದೆ ಕೂರೋಣ. ಫೇಲಾದವರು ಯಾರು ಎಂಬುದನ್ನು ಆಗ ಅಂಕಿಯಲ್ಲೇ ಕೇಳೋಣ.