ಪುಟ್ಟ ಮಕ್ಕಳ ಶಾಲಾ ಕೈತೋಟ: ಏನು ಬಿತ್ತಬೇಕು, ಯಾವಾಗ? ಇಲ್ಲಿದೆ ಮಾಹಿತಿ
ನರ್ಸರಿ, ಎಲ್‌ಕೆಜಿಗೆ ಸೇರಿಸುವಾಗ ಶಾಲೆಯಲ್ಲಿ ಗಾರ್ಡನ್ ಇದೆಯೇ ಎಂದು ಪೋಷಕರು ಕೇಳುತ್ತಾರೆ. ಅಲ್ಲಿ ಬಿತ್ತುವವರು ಯಾರು ಎಂದು ಕೇಳುವವರು ಕಡಿಮೆ. ಎಲ್ಲವನ್ನೂ ಮಾಲಿಯೇ ಮಾಡಿದರೆ ಮಕ್ಕಳ ಪಾಲಿಗೆ ಉಳಿಯುವುದು ‘ಗಿಡ ಮುಟ್ಟಬೇಡಿ’ ಎಂಬ ಬೋರ್ಡ್ ಮಾತ್ರ.

ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳಿಗಾಗಿ ತೆರೆದ ಸಂಸ್ಥೆಗೆ 1840ರಲ್ಲಿ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ ಎಂದು ಹೆಸರಿಟ್ಟರು. ಇದು ಬರೀ ಹೆಸರಲ್ಲ. ಪ್ರತಿ ಮಗುವಿಗೂ ಸ್ವಂತದ್ದೊಂದು ಪುಟ್ಟ ಪಾತಿ ಇರಬೇಕು ಎಂಬುದು ಅವರ ಯೋಜನೆಯಾಗಿತ್ತು. ಮುಂಬೈ ಸಮೀಪದ ಬೋರ್ಡಿಯಲ್ಲಿ 1945ರಲ್ಲಿ ಬಾಲ ಶಿಕ್ಷಣ ಕೇಂದ್ರ ಆರಂಭಿಸಿದ ತಾರಾಬಾಯಿ ಮೋಡಕ್ ಹಾಗೂ ಅನುತಾಯಿ ವಾಘ್ ಅವರು ಎಲೆ, ಬೀಜ, ಕಲ್ಲು, ಚಿಪ್ಪುಗಳನ್ನೇ ಪಾಠದ ಸಾಮಗ್ರಿಯಾಗಿಸಿದ್ದರು.

2019ರಲ್ಲಿ ಕೇಂದ್ರ ಸರ್ಕಾರ ಶಾಲಾ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು. ನೆಲವಿಲ್ಲದ ಕಡೆ ಕುಂಡ, ತಾರಸಿಯಲ್ಲೂ ಬೆಳೆಯಬಹುದು ಎನ್ನುತ್ತದೆ ಅದು. ಹೀಗಾಗಿ ಜಾಗವಿಲ್ಲ ಎಂಬ ನಗರ ಶಾಲೆಗಳ ನೆಪಕ್ಕೆ ಹೆಚ್ಚು ಅರ್ಥವಿಲ್ಲ.

ಯಾವ ಬೀಜ ಸೂಕ್ತ?

ಮೂರರಿಂದ ಆರು ವರ್ಷದ ಮಕ್ಕಳಿಗೆ ಕಾಯುವ ತಾಳ್ಮೆ ಕಡಿಮೆ. ಒದ್ದೆ ಬಟ್ಟೆಯಲ್ಲಿಟ್ಟ ಹೆಸರುಕಾಳು ಎರಡೇ ದಿನದಲ್ಲಿ ಮೊಳೆಯುತ್ತದೆ. ಮೆಂತ್ಯ ಸಾಮಾನ್ಯವಾಗಿ ವಾರದೊಳಗೆ ಮಣ್ಣಿನಿಂದ ತಲೆ ಎತ್ತಿ, ತಿಂಗಳಿಗೆಲ್ಲ ಕೀಳಲು ಬರುತ್ತದೆ. ಮೂಲಂಗಿಗೆ ಒಂದೂವರೆ ತಿಂಗಳು ಸಾಕು. ಅಲಸಂದೆ ಬೀಜ ದಪ್ಪವಾಗಿರುವುದರಿಂದ ಪುಟ್ಟ ಬೆರಳಿಗೆ ಹಿಡಿಯಲು ಸುಲಭ. ಕೊತ್ತಂಬರಿ ಮೊಳೆಯಲು ಹತ್ತು ದಿನ ಹಿಡಿಯುವುದುಂಟು, ಅಷ್ಟರಲ್ಲಿ ಬಿತ್ತಿದ್ದೇ ಮರೆತುಹೋಗಿರುತ್ತದೆ! ಟೊಮೆಟೊ, ಬದನೆ ದೊಡ್ಡ ತರಗತಿಯವರಿಗಿರಲಿ.

ಬೇರು ಬಂತೇ ಎಂದು ನೋಡಲು ಮಗು ಸಸಿಯನ್ನೇ ಕಿತ್ತರೆ ಬೈಯಬೇಡಿ. ನಾಲ್ಕು ಬೀಜ ಹೆಚ್ಚಿಗೆ ಹಾಕಿದರಾಯಿತು.

ಊರಿಗೆ ತಕ್ಕ ಕಾಲ

ದೆಹಲಿಯಲ್ಲಿ ಪಾಲಕ್, ಮೆಂತ್ಯ, ಮೂಲಂಗಿಗೆ ಅಕ್ಟೋಬರ್ ಒಳ್ಳೆಯ ಸಮಯ. ಚೆನ್ನೈನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜೋರು ಮಳೆ, ಅದು ಮುಗಿದ ಮೇಲೆ ಸೊಪ್ಪು ಬಿತ್ತುವುದು ಲೇಸು. ಮುಂಬೈನ ಜೂನ್, ಜುಲೈ ಮಳೆಗೆ ಸಣ್ಣ ಬೀಜಗಳು ಕೊಚ್ಚಿಹೋಗುತ್ತವೆ. ಕುಂಡಗಳನ್ನು ಸೂರಿನಡಿ, ಬೆಳಕು ಬೀಳುವಲ್ಲಿ ಇಡಬೇಕು. ಪುಣೆ, ಹೈದರಾಬಾದ್‌ನಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಶುರು ಮಾಡಬಹುದು.

ಕಣಗಿಲೆ, ಉಮ್ಮತ್ತಿ, ಹರಳು ಮತ್ತು ಗುಲಗಂಜಿ ವಿಷಕಾರಿ. ಮಕ್ಕಳು ಆಡುವ ಆವರಣದಲ್ಲಿ ಇವು ಬೇಡವೇ ಬೇಡ. ಕೀಟನಾಶಕವೂ ಬೇಡ. ಮಣ್ಣು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಸಬೇಕು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ ತಟ್ಟೆ ಉಜ್ಜದಿದ್ದರೆ ಡೆಂಗಿ ಸೊಳ್ಳೆಗೆ ಅದೇ ಮನೆ.

ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲದೆ ಗಿಡಗಳು ಒಣಗುತ್ತವೆ. ಬಾಟಲಿ ಕತ್ತರಿಸಿ ಮಾಡಿದ ಚಿಕ್ಕ ಕುಂಡವಾದರೆ ರಜೆಗೆ ಮುನ್ನ ಮಗುವಿನ ಜೊತೆಗೇ ಮನೆಗೆ ಕಳಿಸಬಹುದು.