ಏಳು–ಆರರ ಎಣಿಕೆ: ಎಡನೀರು ಮತ್ತು ಕಾಶಿಯ ಎರಡು ಮೊಕದ್ದಮೆಗಳು

ಸ್ವತಂತ್ರ ಭಾರತದ ಸಂವಿಧಾನದ ಇತಿಹಾಸವನ್ನು ಬರೆದವರು ಕೇಶವಾನಂದ ಭಾರತಿ ಮೊಕದ್ದಮೆಯ ತೀರ್ಪನ್ನು 'ಏಳಕ್ಕೆ ಆರು' ಎಂಬ ಒಂದೇ ಎಣಿಕೆಯಲ್ಲಿ ಹೇಳಿ ಮುಗಿಸುವುದು ವಾಡಿಕೆಯಾಗಿದೆ. ಸರ್ವೋಚ್ಚ ನ್ಯಾಯಾಲಯ ಎರಡು ಪಂಗಡಗಳಾಗಿ ಒಡೆಯಿತು, ಒಂದು ಪಂಗಡ ನಾಗರಿಕರ ಹಕ್ಕಿನ ಕಡೆಗೂ ಇನ್ನೊಂದು ಸರಕಾರದ ಕಡೆಗೂ ನಿಂತಿತು ಎಂಬ ಭಾವನೆ ಇದರಿಂದ ಬೆಳೆದು ಬಂದಿದೆ. 1973ರಿಂದ 1980ರವರೆಗಿನ ತೀರ್ಪುಗಳನ್ನು ಒಟ್ಟಿಗೆ ಇರಿಸಿಕೊಂಡು ಓದಿದರೆ ಈ ಪಂಗಡದ ಕಲ್ಪನೆ ನಿಲ್ಲುವುದಿಲ್ಲವೆಂಬುದು ನಮ್ಮ ಅಭಿಪ್ರಾಯ. ಇದಕ್ಕಾಗಿ ನಾವು ಮುಖ್ಯವಾಗಿ ಎರಡು ಮೊಕದ್ದಮೆಗಳನ್ನು ಆರಿಸಿಕೊಂಡಿದ್ದೇವೆ. ಒಂದು, ಕರ್ನಾಟಕದ ಗಡಿಯಾಚೆಗೆ ಉಳಿದ ಎಡನೀರಿನಿಂದ ಹೊರಟದ್ದು. ಮತ್ತೊಂದು, ನಾವು ಕುಳಿತು ಬರೆಯುತ್ತಿರುವ ಈ ವಾರಾಣಸಿಯ ಮಣ್ಣಿನವರೊಬ್ಬರು ಹೂಡಿದ್ದು.

ಎಡನೀರು ಮಠವು ಕಾಸರಗೋಡು ಸೀಮೆಯದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆ ಸೀಮೆ ಕೇರಳಕ್ಕೆ ಸೇರಿತು. ಆದುದರಿಂದ ಮಠದ ಜಮೀನಿಗೆ ಅನ್ವಯಿಸಿದ್ದು ಕೇರಳದ 1963ರ ಭೂಸುಧಾರಣಾ ಕಾಯಿದೆ. ಮಠಾಧೀಶರಾದ ಕೇಶವಾನಂದ ಭಾರತಿ ಸ್ವಾಮಿಗಳು 1970ರ ಮಾರ್ಚಿಯಲ್ಲಿ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅರ್ಜಿ ಇತ್ಯರ್ಥವಾಗುವ ಮೊದಲೇ ಸಂಸತ್ತು 24, 25 ಮತ್ತು 29ನೆಯ ತಿದ್ದುಪಡಿಗಳನ್ನು ಅಂಗೀಕರಿಸಿದ್ದರಿಂದ, ಮಠದ ಜಮೀನಿನ ಪ್ರಶ್ನೆ ಹಿಂದೆ ಸರಿದು, ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ ಎಲ್ಲೆಯುಂಟೇ ಎಂಬ ಪ್ರಶ್ನೆ ಮುಂದೆ ಬಂದಿತು. 13 ನ್ಯಾಯಾಧೀಶರ ಪೀಠ 68 ದಿನ ವಾದ ಆಲಿಸಿ, 1973ರ ಏಪ್ರಿಲ್ 24ರಂದು 11 ಪ್ರತ್ಯೇಕ ತೀರ್ಪುಗಳನ್ನು ನೀಡಿತು.

ಈ ಹನ್ನೊಂದು ತೀರ್ಪುಗಳ ಒಳಗೆ ಇಳಿದಾಗ ಏಳು ಎಂಬ ಸಂಖ್ಯೆಯೇ ಸಡಿಲವಾಗುತ್ತದೆ. ಮುಖ್ಯ ನ್ಯಾಯಮೂರ್ತಿ ಸಿಕ್ರಿ, ಶೆಲತ್, ಹೆಗ್ಡೆ, ಗ್ರೋವರ್, ಜಗನ್ಮೋಹನ ರೆಡ್ಡಿ, ಮುಖರ್ಜಿಯಾ ಈ ಆರು ಮಂದಿ ತಿದ್ದುಪಡಿಯ ಅಧಿಕಾರಕ್ಕೆ ಮಿತಿಯುಂಟೆಂದರು. ರೇ, ಪಾಲೇಕರ್, ಮ್ಯಾಥ್ಯೂ, ಬೇಗ್, ದ್ವಿವೇದಿ, ಚಂದ್ರಚೂಡ್ ಈ ಆರು ಮಂದಿ ಇಲ್ಲವೆಂದರು. ನಡುವೆ ಉಳಿದವರು ಎಚ್.ಆರ್. ಖನ್ನಾ ಒಬ್ಬರೇ. ಸಂವಿಧಾನದಲ್ಲಿ ಅಂತರ್ಗತ ಮಿತಿಗಳಿವೆ ಎಂಬ ಮೊದಲ ಗುಂಪಿನ ವಾದವನ್ನು ಅವರು ಒಪ್ಪಲಿಲ್ಲ. 'ತಿದ್ದುಪಡಿ' ಎಂಬ ಪದದ ಅರ್ಥದಿಂದಲೇ ಹೊರಟು, ತಿದ್ದಿದ ಮೇಲೂ ಹಳೆಯ ಸಂವಿಧಾನ ತನ್ನ ಗುರುತು ಕಳೆದುಕೊಳ್ಳದೆ ಉಳಿದಿರಬೇಕು, ಆದ್ದರಿಂದ ಅದರ ಮೂಲ ಸಂರಚನೆಯನ್ನು ಕೆಡವಲಾಗದು ಎಂಬ ನಿಲುವಿಗೆ ಬಂದರು. ಆಸ್ತಿಯ ಹಕ್ಕು ಆ ಸಂರಚನೆಯ ಭಾಗವಲ್ಲವೆಂದೂ ಹೇಳಿದರು. 31ಸಿ ಅನುಚ್ಛೇದದ ಮೊದಲ ಭಾಗ ಊರ್ಜಿತವೆನ್ನುವಲ್ಲಿ ಅವರು ನಿಂತದ್ದು ರೇ ಮೊದಲಾದವರ ಜೊತೆಗೆ. ನ್ಯಾಯಾಲಯದ ಪರಿಶೀಲನೆಯನ್ನು ತಡೆಯುವ ಎರಡನೆಯ ಭಾಗ ಅನೂರ್ಜಿತವೆನ್ನುವಲ್ಲಿ ಸಿಕ್ರಿ ಮೊದಲಾದವರ ಜೊತೆಗೆ. ಒಂದೇ ದಿನ, ಒಂದೇ ತೀರ್ಪಿನಲ್ಲಿ ಬಹುಮತ ಎರಡು ಬಗೆಯಾಗಿ ಕೂಡಿಕೊಂಡಿತು. ಪೀಠದ ಒಟ್ಟು ಅಭಿಪ್ರಾಯವೆಂದು ಸಿದ್ಧಪಡಿಸಿದ ಹೇಳಿಕೆಗೆ ಸಹಿ ಮಾಡಿದವರು ಏಳೂ ಅಲ್ಲ, ಒಂಬತ್ತು ಮಂದಿ. ಪಾಲೇಕರ್ ಮತ್ತು ಚಂದ್ರಚೂಡರು ಸಹಿ ಹಾಕಿದರು. ರೇ, ಮ್ಯಾಥ್ಯೂ, ಬೇಗ್, ದ್ವಿವೇದಿ ಹಾಕಲಿಲ್ಲ.

ಮರುದಿನವೇ ಸರಕಾರ ಶೆಲತ್, ಹೆಗ್ಡೆ, ಗ್ರೋವರರ ಜ್ಯೇಷ್ಠತೆಯನ್ನು ಕಡೆಗಣಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿತು. ಮೂವರೂ ರಾಜೀನಾಮೆ ಕೊಟ್ಟರು. ಪಂಗಡದ ಕಲ್ಪನೆಗೆ ಬಲ ಬಂದದ್ದು ತೀರ್ಪಿಗಿಂತ ಹೆಚ್ಚಾಗಿ ಈ ನೇಮಕದಿಂದ ಎಂದು ನಮಗೆ ತೋರುತ್ತದೆ. ಕೌಡೂರು ಸದಾನಂದ ಹೆಗ್ಡೆಯವರು ಕಾರ್ಕಳ ತಾಲೂಕಿನವರು. ಮೈಸೂರು ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು. ಮುಂದೆ 1977ರಲ್ಲಿ ಲೋಕಸಭೆಯ ಅಧ್ಯಕ್ಷರಾದರು. ಎಡನೀರಿನ ಮೊಕದ್ದಮೆಗೂ ಕಾಶಿಯದಕ್ಕೂ ನಡುವಿನ ಕೊಂಡಿ ಇವರೇ. ರಾಜನಾರಾಯಣರ ಚುನಾವಣಾ ತಕರಾರು ಅಲಹಾಬಾದಿನಲ್ಲಿ ವಿಚಾರಣೆಯಲ್ಲಿದ್ದಾಗ, ಅದರ ವ್ಯಾಪ್ತಿಯನ್ನು ಕುರಿತ ಮೇಲ್ಮನವಿಯಲ್ಲಿ 1972ರಲ್ಲಿ ಅರ್ಜಿದಾರರಿಗೆ ಅನುಕೂಲವಾದ ತೀರ್ಪನ್ನು ಬರೆದವರು ಹೆಗ್ಡೆಯವರು.

ರಾಜನಾರಾಯಣರು ವಾರಾಣಸಿ ಜಿಲ್ಲೆಯ ಗಂಗಾಪುರದ ಕಡೆಯವರು, ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದವರು. 1971ರಲ್ಲಿ ರಾಯಬರೇಲಿಯಲ್ಲಿ ಇಂದಿರಾ ಗಾಂಧಿಯವರೆದುರು ಸೋತು ಅವರು ಹೂಡಿದ ತಕರಾರನ್ನು ಅಲಹಾಬಾದ್ ಉಚ್ಚ ನ್ಯಾಯಾಲಯ 1975ರ ಜೂನ್ 12ರಂದು ಎತ್ತಿಹಿಡಿಯಿತು. ತುರ್ತುಪರಿಸ್ಥಿತಿ ಬಂದಿತು, ರಾಜನಾರಾಯಣರು ಸೆರೆಮನೆ ಸೇರಿದರು, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ಕೈಯಿಂದ ತಪ್ಪಿಸುವ 39ನೆಯ ತಿದ್ದುಪಡಿ ಆಗಸ್ಟಿನಲ್ಲಿ ಜಾರಿಯಾಯಿತು. ಮೇಲ್ಮನವಿಯನ್ನು ಕೇಳಿದ ಐವರು ರೇ, ಖನ್ನಾ, ಮ್ಯಾಥ್ಯೂ, ಬೇಗ್ ಮತ್ತು ಚಂದ್ರಚೂಡ್. ಅಂದರೆ, ಖನ್ನಾ ಒಬ್ಬರ ಹೊರತು ಉಳಿದ ನಾಲ್ವರೂ 1973ರಲ್ಲಿ ಮಿತಿಯಿಲ್ಲವೆಂದವರು. ಪಂಗಡದ ಲೆಕ್ಕ ನಿಜವಾಗಿದ್ದರೆ ತಿದ್ದುಪಡಿ ನಾಲ್ಕಕ್ಕೆ ಒಂದರಂತೆ ಉಳಿಯಬೇಕಾಗಿತ್ತು.

1975ರ ನವೆಂಬರ್ 7ರಂದು ಆದದ್ದು ಬೇರೆ. ಖನ್ನಾ, ಮ್ಯಾಥ್ಯೂ, ಚಂದ್ರಚೂಡರು ಮೂಲ ಸಂರಚನೆಯ ತತ್ವವನ್ನೇ ಹಿಡಿದು 329ಎ ಅನುಚ್ಛೇದದ ನಾಲ್ಕನೆಯ ಖಂಡವನ್ನು ತಳ್ಳಿಹಾಕಿದರು. ಖನ್ನಾ ಮುಕ್ತ ಚುನಾವಣೆಯ ಹೆಸರಿನಲ್ಲಿ, ಚಂದ್ರಚೂಡರು ಸಮಾನತೆಯ ಹೆಸರಿನಲ್ಲಿ. ದಾರಿ ಬೇರೆ, ತಲುಪಿದ ಊರು ಒಂದು. ರೇ ಅವರೂ, ಯಾವ ಕಾನೂನನ್ನೂ ಅನ್ವಯಿಸದೆ ವ್ಯಾಜ್ಯವನ್ನು ತೀರ್ಮಾನಿಸಲಾಗಿದೆ ಎಂಬ ಕಾರಣದಿಂದ ಖಂಡವನ್ನು ಒಪ್ಪಲಿಲ್ಲ. ಬೇಗ್ ಅದರ ಅರ್ಥವನ್ನು ಕುಗ್ಗಿಸಿ ಓದಿ ಉಳಿಸಿದರು. ಹಿಂದೆ ಸೋತ ಪಕ್ಷದವರೇ ತಮ್ಮ ಮೇಲೆ ಕಟ್ಟುಪಾಡಾಗಿ ಒಪ್ಪಿಕೊಂಡಾಗ ಆ ತತ್ವ ನೆಲೆಗೊಂಡಿತು; 1973ರ ಒಂದು ಮತದ ಅಂತರಕ್ಕಿಂತ ಇದನ್ನೇ ನಾವು ಮುಖ್ಯವೆಂದು ಎಣಿಸುತ್ತೇವೆ. ಆದರೆ, ಹಿಂದಿನಿಂದ ಅನ್ವಯಿಸುವಂತೆ ಬದಲಾಯಿಸಿದ ಚುನಾವಣಾ ಕಾಯಿದೆಯ ಆಧಾರದ ಮೇಲೆ ಪ್ರಧಾನಿಯ ಆಯ್ಕೆಯನ್ನು ಐವರೂ ಎತ್ತಿಹಿಡಿದರು. ರಾಜನಾರಾಯಣರಿಗೆ ನ್ಯಾಯಾಲಯದಲ್ಲಿ ದೊರೆತದ್ದು ತತ್ವ ಮಾತ್ರ. ರಾಯಬರೇಲಿ ದೊರೆತದ್ದು 1977ರಲ್ಲಿ, ಮತದಾರರಿಂದ.

ಇದಾದ ಮೂರನೆಯ ದಿನ, ಕೇಶವಾನಂದ ತೀರ್ಪನ್ನು ಮರುಪರಿಶೀಲಿಸಲು ರೇ ಅವರು ಕರೆದ 13 ಮಂದಿಯ ಪೀಠ ಕುಳಿತಿತು. ನಾನಿ ಪಾಲ್ಖಿವಾಲಾ ಅವರ ವಾದದ ನಡುವೆ, ನವೆಂಬರ್ 12ರಂದು, ಅವರೇ ಅದನ್ನು ವಿಸರ್ಜಿಸಿದರು.

ಈ ನ್ಯಾಯಾಧೀಶರು ಪೂರ್ತಿ ಬದಲಾದರೆಂದು ತಿಳಿಯುವುದೂ ಅವಸರದ ಮಾತಾದೀತು. 1976ರ ಏಪ್ರಿಲ್ 28ರ ಜಬಲ್ಪುರ ಪ್ರಕರಣದಲ್ಲಿ, ತುರ್ತುಪರಿಸ್ಥಿತಿಯ ಬಂಧಿಗಳಿಗೆ ನ್ಯಾಯಾಲಯದ ಬಾಗಿಲು ಮುಚ್ಚಿದೆ ಎಂದ ನಾಲ್ವರಲ್ಲಿ ರೇ, ಬೇಗ್, ಚಂದ್ರಚೂಡರು ಇದ್ದರು, ನಾಲ್ಕನೆಯವರು ಭಗವತಿ. ಖನ್ನಾ ಮತ್ತೆ ಒಂಟಿಯಾದರು. 1977ರ ಜನವರಿಯಲ್ಲಿ ಬೇಗ್ ಅವರನ್ನು ಮೇಲೇರಿಸಿದಾಗ ರಾಜೀನಾಮೆ ಕೊಟ್ಟರು. ಚಂದ್ರಚೂಡರೇ ಮುಖ್ಯ ನ್ಯಾಯಮೂರ್ತಿಯಾಗಿ 1980ರಲ್ಲಿ ಬೆಂಗಳೂರಿನ ಮಿನರ್ವಾ ಮಿಲ್ಲಿನ ಮೊಕದ್ದಮೆಯಲ್ಲಿ ಬಹುಮತದ ತೀರ್ಪು ಬರೆದು, ತಿದ್ದುಪಡಿಯ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದು ಸಾರಿದ್ದ 42ನೆಯ ತಿದ್ದುಪಡಿಯ 55ನೆಯ ಪ್ರಕರಣವನ್ನು ರದ್ದುಗೊಳಿಸಿದರು. ಅಷ್ಟರಮಟ್ಟಿಗೆ ಭಗವತಿಯವರೂ ಅವರ ಜೊತೆಗಿದ್ದರು. 31ಸಿ ಅನುಚ್ಛೇದವನ್ನು ವಿಸ್ತರಿಸಿದ 4ನೆಯ ಪ್ರಕರಣದ ವಿಷಯದಲ್ಲಿ ಮಾತ್ರ ಬೇರೆಯಾದರು.